ಇಟಲಿಯ ಪ್ರವಾಸಿ ಅಂದರೆ ಯಾವ ಊರಿನವನು? ಕನ್ನಡ ನಾಡು ಕಂಡವರ ತವರೂರುಗಳು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಭಾಗವಿದೆ.)



ವಿಜಯನಗರದ ಪಾಠ ಬಂದಾಗ ನಾವೆಲ್ಲ ಒಂದು ಪಟ್ಟಿ ಬಾಯಿಪಾಠ ಮಾಡ್ತೀವಿ. ನಿಕೊಲೊ ಕಾಂಟಿ, ಇಟಲಿ. ಅಬ್ದುಲ್ ರಜಾಕ್, ಪರ್ಶಿಯಾ. ವರ್ತೆಮಾ, ಇಟಲಿ. ಪಾಯೆಸ್, ಪೋರ್ಚುಗಲ್. ಸೀಸರ್ ಫ್ರೆಡರಿಕ್, ಇಟಲಿ. ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ ಅಂತ ಬಂದ್ರೆ ಇಷ್ಟು ಸಾಕು. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಷ್ಟು ಸಾಲದು ಎಂಬುದು ನನ್ನ ವಾದ. ಈ ಪಟ್ಟಿಯಲ್ಲಿ 'ಇಟಲಿ' ಎಂಬ ಮಾತು ಒಂದು ಮುಚ್ಚಳದಂತೆ ಕೂತಿದೆ. ಅದನ್ನು ತೆಗೆದು ಕೆಳಗಿರುವ ಊರುಗಳ ಹೆಸರು ಓದಿದರೆ, ಆ ಬರಹಗಳು ಬೇರೆ ರೀತಿ ಅರ್ಥವಾಗ್ತವೆ. ಅವರು ಕೊಟ್ಟ ಲೆಕ್ಕಗಳು ಒಂದಕ್ಕೊಂದು ಯಾಕೆ ಕೂಡೋದಿಲ್ಲ ಅನ್ನೋದೂ ಸ್ವಲ್ಪ ತಿಳೀತದ.

ಮೊದಲು ಒಂದು ಕಾಲಗಣನೆ. ಇಟಲಿ ಎಂಬ ಒಂದೇ ರಾಜ್ಯ ಆಗಿದ್ದು 1861ರಲ್ಲಿ. ವೆನಿಸ್ ಅದಕ್ಕೆ ಸೇರಿದ್ದು 1866ರಲ್ಲಿ, ರೋಮ್ 1870ರಲ್ಲಿ. ಕಾಂಟಿ ನಮ್ಮ ಕಡೆ ಬಂದದ್ದು ಹೆಚ್ಚುಕಮ್ಮಿ 1420ರ ಹೊತ್ತಿಗೆ. ಅಂದ್ರೆ ಅವನು 'ಇಟಲಿಯವನು' ಆಗಲಿಕ್ಕೆ ಇನ್ನೂ ನಾಲ್ಕು ಶತಮಾನ ಬಾಕಿ ಇತ್ತು. ಅವನ ಕಾಲದಲ್ಲಿ ವೆನಿಸ್ ಒಂದು ಗಣರಾಜ್ಯ, ನೇಪಲ್ಸ್ ಒಂದು ಅರಸೊತ್ತಿಗೆ, ರೋಮ್ ಪೋಪರ ಆಳ್ವಿಕೆಯಲ್ಲಿ. ಒಬ್ಬೊಬ್ಬರ ನಾಣ್ಯ ಬೇರೆ, ಮೈಲಿಯ ಉದ್ದ ಬೇರೆ, ಮನೆಮಾತೂ ಬೇರೆ.

ಈ ಮಾತು ಗಡಿಯಲ್ಲಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಧಾರೂರಿನ ನೆರೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು 1956ರ ನವೆಂಬರ್ 1ರ ತನಕ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಜಹೀರಾಬಾದು, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. 1940ರಲ್ಲಿ ತಾಂಡೂರಿನಲ್ಲಿ ಹುಟ್ಟಿದ ಒಬ್ಬ ಅಜ್ಜಿ ಮನೆಯ ಹೊಸ್ತಿಲು ದಾಟದೆಯೇ ಹೈದರಾಬಾದ್ ಸಂಸ್ಥಾನದವಳು, ಆಂಧ್ರಪ್ರದೇಶದವಳು, 2014ರಿಂದ ತೆಲಂಗಾಣದವಳು ಆಗಿದ್ದಾಳೆ. ಊರು ಅಲ್ಲೇ ಇದೆ, ಮೇಲಿನ ಹೆಸರು ಮಾತ್ರ ಬದಲಾಯ್ತು. ಆಕೆಯ ನಡೆನುಡಿ ತಿಳಿಯಬೇಕಾದ್ರೆ ರಾಜ್ಯದ ಹೆಸರಿಗಿಂತ ಊರಿನ ಹೆಸರೇ ಹೆಚ್ಚು ಉಪಯೋಗಕ್ಕೆ ಬರ್ತದ. ಪ್ರವಾಸಿಗಳ ವಿಷಯದಲ್ಲೂ ಹಂಗೇ ಅಂತ ಇವತ್ತು ತೋರಿಸ್ತೀನಿ.

1. ಯಾರ ಮಗ ಎಂಬ ಜಗಳ

ತೆಲಂಗಾಣದ ಪಠ್ಯಪುಸ್ತಕದಲ್ಲಿ ಮೊದಲು ಸಿಗುವವನು ಮಾರ್ಕೊ ಪೋಲೊ. 13ನೇ ಶತಮಾನದ ಕೊನೆಯಲ್ಲಿ 'ಮುತ್ಫಿಲಿ'ಯ ರಾಜ್ಯ, ಅಲ್ಲಿನ ವಜ್ರ, ನವಿರಾದ ಬಟ್ಟೆ, ನ್ಯಾಯವಾಗಿ ಆಳಿದ ಒಬ್ಬ ರಾಣಿ, ಇಷ್ಟನ್ನು ಅವನು ಹೇಳಿದ. ಆ ಮುತ್ಫಿಲಿ ಅಂದರೆ ಮೋಟುಪಲ್ಲಿ ಬಂದರು, ಆ ರಾಣಿ ಕಾಕತೀಯರ ರುದ್ರಮದೇವಿ ಎಂದು ವಿದ್ವಾಂಸರು ಗುರುತಿಸ್ತಾರೆ. ಪೋಲೊ ಆಕೆಯನ್ನು ಸತ್ತ ರಾಜನ ಹೆಂಡತಿ ಎಂದ. ನಿಜಕ್ಕೂ ಆಕೆ ಗಣಪತಿದೇವನ ಮಗಳು. ಗಂಡನ ನಂತರ ಹೆಂಡತಿ ಆಳುವುದು ಅವನ ಕಡೆಯವರಿಗೆ ಊಹೆಗೆ ಸಿಗುವ ಸಂಗತಿ. ತಂದೆಯೇ ಮಗಳನ್ನು ಮಗನಂತೆ ಪಟ್ಟಕ್ಕೆ ತಂದದ್ದು ಅಷ್ಟು ಸುಲಭವಾಗಿ ಊಹೆಗೆ ಸಿಗುವಂಥದ್ದಲ್ಲ.

ಪೋಲೊ ವೆನಿಸಿನವನು ಅಂತ ನಾವು ಓದ್ತೀವಿ. ಆದರೆ ಆಡ್ರಿಯಾಟಿಕ್ ಸಮುದ್ರದ ಆಚೆ, ಈಗ ಕ್ರೊವೇಶಿಯಾಕ್ಕೆ ಸೇರಿದ ಕೊರ್ಚುಲಾ ದ್ವೀಪದವರು 'ಅವನು ನಮ್ಮೂರಲ್ಲಿ ಹುಟ್ಟಿದವನು' ಅಂತಾರೆ. ಬಂದ ಪ್ರವಾಸಿಗಳಿಗೆ ಒಂದು ಹಳೆ ಮನೆ ತೋರಿಸಿ 'ಇದೇ ಅವನ ಮನೆ' ಅಂತಾನೂ ಹೇಳ್ತಾರೆ. ಕವಿಗಳ, ಶರಣರ ಹುಟ್ಟೂರಿನ ಬಗ್ಗೆ ನಮ್ಮಲ್ಲಿ ನಡೆಯುವ ವಾದಗಳು ನೆನಪಾಗ್ತಾವಲ್ಲ? ಊರಿನ ಹೆಸರು ದೊಡ್ಡದಾಗೋದು ಮಗನಿಂದ. ಆದ್ದರಿಂದ ಊರುಗಳು ಮಕ್ಕಳನ್ನು ಹುಡುಕಿಕೊಂಡು ಹೋಗ್ತವೆ. ನಾನಿಲ್ಲಿ ಕೇಳುತ್ತಿರುವುದು ಇದರ ಉಲ್ಟಾ ಪ್ರಶ್ನೆ: ಮಗ ಊರಿನಿಂದ ಏನು ಹೊತ್ತುಕೊಂಡು ಬಂದ?

2. ಕಿಯೊಜ್ಜಾದ ಹಡಗುಕಂಬ

ಸ್ಕ್ರೀನ್ ಮೇಲಿನ ನಕ್ಷೆ ನೋಡ್ರಿ. ವೆನಿಸಿನ ಸುತ್ತ ಇರುವ ಹಿನ್ನೀರಿನ ತೆಂಕಣ ತುದಿಯಲ್ಲಿ ಕಿಯೊಜ್ಜಾ ಎಂಬ ಊರಿದೆ. ಚಿಕ್ಕ ದ್ವೀಪದ ಊರು. ನಡುವೆ ಒಂದು ಅಗಲ ಬೀದಿ, ಪಕ್ಕದಲ್ಲಿ ಕಾಲುವೆಗಳು, ಮೀನುಗಾರರ ದೋಣಿಗಳು. ಇವತ್ತಿಗೂ ಅಲ್ಲಿನ ಮೀನಿನ ಪೇಟೆ ಹೆಸರುವಾಸಿ. ನಾಟಕಕಾರ ಗೊಲ್ದೋನಿ 1762ರಲ್ಲಿ ಇದೇ ಊರಿನ ಮೀನುಗಾರರ ಮನೆಜಗಳಗಳನ್ನು ಇಟ್ಟುಕೊಂಡು ಒಂದು ಹಾಸ್ಯನಾಟಕ ಬರೆದ. ನಿಕೊಲೊ ಕಾಂಟಿ ಈ ಊರಿನ ಮಗ, ಹುಟ್ಟಿದ್ದು ಸುಮಾರು 1395ರಲ್ಲಿ.

ಅವನು ಹುಟ್ಟುವ ಹದಿನೈದು ವರ್ಷದ ಹಿಂದೆಯಷ್ಟೇ ಊರು ಯುದ್ಧ ಕಂಡಿತ್ತು. 1379ರಲ್ಲಿ ಜಿನೋವಾದವರು ಕಿಯೊಜ್ಜಾವನ್ನು ಹಿಡಿದರು. ವೆನಿಸಿನವರು ಮುತ್ತಿಗೆ ಹಾಕಿ, ಅನ್ನ ಸಿಗದಂತೆ ಮಾಡಿ, 1380ರಲ್ಲಿ ಅದನ್ನು ಮರಳಿ ಪಡೆದರು. ಕಾಂಟಿಯ ಹಿರಿಯರು ಆ ಮುತ್ತಿಗೆಯ ಕಾಲದವರು.

ಅವನು ದಮಾಸ್ಕಸಿನಲ್ಲಿ ಅರಬ್ಬಿ ಕಲಿತು, ವರ್ತಕರ ಜೊತೆ ಸೇರಿ ಪೂರ್ವಕ್ಕೆ ಬಂದ. ಸುಮಾರು 25 ವರ್ಷ ತಿರುಗಿದ. ಹಿಂತಿರುಗುವ ದಾರಿಯಲ್ಲಿ ಜೀವ ಉಳಿಸಿಕೊಳ್ಳಲು ಧರ್ಮ ಬಿಡಬೇಕಾಯ್ತು. ಊರಿಗೆ ಮರಳಿ ಪೋಪರ ಕ್ಷಮೆ ಕೇಳಿದಾಗ, ಕಂಡದ್ದನ್ನೆಲ್ಲ ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲೀನಿಗೆ ಹೇಳಬೇಕು ಎಂಬುದೇ ಅವನಿಗೆ ವಿಧಿಸಿದ ಪ್ರಾಯಶ್ಚಿತ್ತ ಎಂದು ಪ್ರತೀತಿ. ಪೊಜ್ಜೊ ಅದನ್ನು ಲ್ಯಾಟಿನ್ನಿನಲ್ಲಿ ಬರೆದ. ಅಂದರೆ ನಮ್ಮ ಕೈಗೆ ಬಂದಿರುವುದು ಕಿಯೊಜ್ಜಾದ ಕಣ್ಣು, ಟಸ್ಕನಿಯ ಪಂಡಿತನ ಕೈ.

ಆ ಬರಹದಲ್ಲಿ ವಿಜಯನಗರದ ಸುತ್ತಳತೆ 60 ಮೈಲಿ. ಕೋಟೆಗೋಡೆ ಬೆಟ್ಟಗಳ ತನಕ ಹೋಗಿ, ಕೆಳಗಿನ ಕಣಿವೆಗಳನ್ನೂ ಒಳಗೆ ಸೇರಿಸಿಕೊಂಡಿದೆ ಅಂತಾನೆ. ಆಯುಧ ಹಿಡಿಯಬಲ್ಲ ಗಂಡಸರು 90,000 ಅಂತಾನೆ. ಮುತ್ತಿಗೆ ಕಂಡ ಊರಿನವನು ಹೊಸ ಪಟ್ಟಣಕ್ಕೆ ಬಂದ ಕೂಡಲೇ ಗೋಡೆ ಎಲ್ಲಿಯತನಕ, ಕಾಯುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ವಿವರ ನನಗೆ ಇನ್ನೂ ಮುಖ್ಯ. ಒಂಬತ್ತು ದಿನದ ಹಬ್ಬವೊಂದರಲ್ಲಿ ಹೆದ್ದಾರಿಗಳಲ್ಲೆಲ್ಲ ದೊಡ್ಡ ಕಂಬ ನಿಲ್ಲಿಸಿ, ಜರಿಯ ಬಟ್ಟೆ ಕಟ್ಟುತ್ತಾರೆ ಎಂದು ಅವನು ವರ್ಣಿಸಿದ್ದಾನೆ. ಆ ಕಂಬಗಳಿಗೆ ಕೊಟ್ಟ ಹೋಲಿಕೆ ಏನು ಗೊತ್ತಾ? ಸಣ್ಣ ಹಡಗಿನ ಕೂವೆಮರ, ಅಂದರೆ ಪಟ ಕಟ್ಟುವ ಕಂಬ. ಸಮುದ್ರದಿಂದ ಅಷ್ಟು ದೂರದ ತುಂಗಭದ್ರೆಯ ದಂಡೆಯಲ್ಲಿ ನವರಾತ್ರಿಯ ಕಂಬ ನೋಡಿದವನಿಗೆ ಹಡಗು ನೆನಪಾಯ್ತು. 'ಇಟಲಿಯ ಪ್ರವಾಸಿ' ಅಂತ ಓದಿದರೆ ಈ ಹೋಲಿಕೆ ಕಣ್ತಪ್ಪಿ ಹೋಗ್ತದ. ಕಿಯೊಜ್ಜಾದವನು ಅಂತ ಓದಿದರೆ ಅಲ್ಲೇ ನಿಲ್ತೀವಿ.

3. 'ಪೂರ್ವದ ಇಟಾಲಿಯನ್' ಎಂಬ ಮಾತು

ಗಡಿಯಲ್ಲಿ ಓದುವ ನಮಗೆ ಇನ್ನೊಂದು ವಿಷಯ ಗೊತ್ತು. ತೆಲುಗು 'ಪೂರ್ವದ ಇಟಾಲಿಯನ್', ಯಾಕಂದ್ರೆ ಅದರ ಪದಗಳು ಸ್ವರದಲ್ಲಿ ಮುಗೀತಾವೆ, ಇದನ್ನು ಹೇಳಿದವನು ಕಾಂಟಿ ಎಂದು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಈ ಹೊಗಳಿಕೆಯನ್ನು ಎರಡು ಕಡೆಯಿಂದ ಪರೀಕ್ಷೆ ಮಾಡಬಹುದು.

ಒಂದು, ನಮ್ಮ ಕಡೆಯಿಂದ. ಸ್ವರಾಂತ ಎಂಬ ಗುಣ ಕನ್ನಡಕ್ಕೂ ಇದೆ. ಹಳಗನ್ನಡದ ನೀರ್, ಊರ್, ಕಣ್ ಎಂಬವು ನಡುಗನ್ನಡದ ಹೊತ್ತಿಗೆ ನೀರು, ಊರು, ಕಣ್ಣು ಆದವು. ಕಾಂಟಿ ಬಂದದ್ದು ಆ ನಡುಗನ್ನಡದ ಕಾಲದಲ್ಲೇ. ಇವತ್ತಿಗೂ ನಾವು ಬಸ್ಸನ್ನು 'ಬಸ್ಸು', ರೋಡನ್ನು 'ರೋಡು' ಮಾಡಿಕೊಂಡೇ ಆಡ್ತೀವಿ. ಎರಡೂ ಭಾಷೆ ನಡೆಯುತ್ತಿದ್ದ ರಾಜಧಾನಿಯಲ್ಲಿ ಕಿವಿಗೆ ಬಿದ್ದ ಸ್ವರಗಳಲ್ಲಿ ಪಾಲು ಎರಡಕ್ಕೂ ಇದೆ.

ಎರಡು, ಅವನ ಕಡೆಯಿಂದ. ಯಾವ ಇಟಾಲಿಯನ್? ಈಗಿನ ಪ್ರಮಾಣ ಇಟಾಲಿಯನ್ ಹುಟ್ಟಿದ್ದು ಟಸ್ಕನಿಯ, ಅದರಲ್ಲೂ ಫ್ಲಾರೆನ್ಸಿನ ನುಡಿಯಿಂದ. ಅದರಲ್ಲಿ ರೊಟ್ಟಿಗೆ 'ಪಾನೆ', ದ್ರಾಕ್ಷಾರಸಕ್ಕೆ 'ವೀನೊ'. ವೆನಿಸ್ ಸುತ್ತಲಿನ ನುಡಿಯಲ್ಲಿ ಅವೇ ಮಾತು 'ಪಾನ್', 'ವೀನ್'. ಕೊನೆಯ ಸ್ವರ ಬಿದ್ದುಹೋಗ್ತದ! ಕಿಯೊಜ್ಜಾದವನ ಮನೆಮಾತಿಗೆ ಈ ಹೋಲಿಕೆ ಪೂರಾ ಹೊಂದೋದೇ ಇಲ್ಲ. 'ಬರುತ್ತಾನೆ' ಎಂಬ ಪುಸ್ತಕದ ಕನ್ನಡ ನೋಡಿ, ಎಲ್ಲ ಕನ್ನಡಿಗರೂ ಹಾಗೇ ಮಾತಾಡ್ತಾರ ಅಂದ್ರೆ ಬೀದರ, ಜಹೀರಾಬಾದಿನವರು ನಗೋದಿಲ್ಲೇನು? 'ಇಟಾಲಿಯನ್' ಎಂಬ ಒಂದೇ ಭಾಷೆಯ ಕಲ್ಪನೆ ಗಟ್ಟಿಯಾದ ಮೇಲಷ್ಟೇ ಈ ಹೊಗಳಿಕೆಗೆ ಕಾಲು ಬರುವುದು.

4. ಬೊಲೋನ್ಯದವನು ಮತ್ತು ವೆನಿಸಿನ ವರ್ತಕ

ಲುದೊವಿಕೊ ವರ್ತೆಮಾ 1510ರಲ್ಲಿ ರೋಮಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಹೆಸರಿನಲ್ಲೇ ತನ್ನನ್ನು 'ಬೊಲೋನ್ಯದವನು' ಎಂದು ಕರೆದುಕೊಂಡ. ಬೊಲೋನ್ಯ ಅಂದರೆ 1088ರಿಂದ ಲೆಕ್ಕ ಹಿಡಿಯುವ ವಿಶ್ವವಿದ್ಯಾಲಯದ ಊರು, ಮೈಲಿಗಟ್ಟಲೆ ಕಂಬಸಾಲಿನ ನೆರಳುದಾರಿಗಳ ಊರು. ಪಂಚಾಂಗ ತಿದ್ದಿದ ಪೋಪ್ 13ನೇ ಗ್ರೆಗರಿ, ರೇಡಿಯೋದ ಮಾರ್ಕೋನಿ ಇದೇ ಊರಿನವರು.

ವರ್ತೆಮಾ ಭಟ್ಕಳ, ಹೊನ್ನಾವರ, ಮಂಗಳೂರುಗಳನ್ನು ಹೆಸರಿಸಿ ವಿಜಯನಗರವನ್ನೂ ವರ್ಣಿಸಿದ. ಅವನ ಲೆಕ್ಕದಲ್ಲಿ ಸುತ್ತಳತೆ 7 ಮೈಲಿ, ಮೂರು ಸುತ್ತಿನ ಕೋಟೆ. ಪಟ್ಟಣ ಕೂತ ಬಗೆಗೆ ಅವನು ಮಿಲಾನಿನ ಹೋಲಿಕೆ ಕೊಟ್ಟು, ಆದರೆ ಇದು ಬಯಲಲ್ಲಿಲ್ಲ ಎಂದು ತಿದ್ದುತ್ತಾನೆ. ರಾಜ್ಯದ ಎರಡೂ ಬದಿಗೆ ಸಮುದ್ರ ಇರುವುದನ್ನು ಹೇಳಲು ನೇಪಲ್ಸ್ ಮತ್ತು ವೆನಿಸ್ ನೆನಪು ಮಾಡಿಕೊಳ್ತಾನೆ. ಓದುವವರು ತನ್ನ ಕಡೆಯವರು, ಅವರಿಗೆ ಗೊತ್ತಿರುವ ಊರು ಹಿಡಿದೇ ಹೇಳಬೇಕು ಎಂಬ ಲೆಕ್ಕ ಇಲ್ಲಿದೆ. ಅವನು ಹೇಳಿದ ಎಲ್ಲ ದೇಶಗಳಿಗೂ, ಅದರಲ್ಲೂ ಭಾರತದಾಚೆಗೆ, ನಿಜವಾಗಿ ಹೋಗಿದ್ದನೇ ಎಂಬ ಅನುಮಾನ ವಿದ್ವಾಂಸರಲ್ಲಿದೆ ಎಂಬುದನ್ನೂ ಸೇರಿಸಿಯೇ ಓದಬೇಕು.

ನಾವು ಸೀಸರ್ ಫ್ರೆಡರಿಕ್ ಅಂತ ಕರೆಯುವವನ ಹೆಸರು ಚೆಸಾರೆ ಫೆದೆರಿಚಿ. ಇಂಗ್ಲಿಷ್ ಅನುವಾದದ ಮೂಲಕ ಬಂದಿದ್ದರಿಂದ ಹೆಸರೂ ಇಂಗ್ಲಿಷ್ ಆಯ್ತು. ವೆನಿಸ್ ಗಣರಾಜ್ಯದ ಅಡಿ ಇದ್ದ ವಾಲ್ ಕಮೋನಿಕ ಎಂಬ ಬೆಟ್ಟದ ಕಣಿವೆಯವನು, ಒಡವೆ ವ್ಯಾಪಾರಿ. 1563ರಲ್ಲಿ ವೆನಿಸ್ ಬಿಟ್ಟು 1567ರಲ್ಲಿ ವಿಜಯನಗರಕ್ಕೆ ಬಂದ. ರಕ್ಕಸಗಿ–ತಂಗಡಗಿಯ ಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ಒಂದು ತಿಂಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ, ದಾರಿಯಲ್ಲಿ ಕಳ್ಳರ ಹಾವಳಿಯಿಂದ ಏಳು ತಿಂಗಳು ಅಲ್ಲೇ ಉಳಿಯಬೇಕಾಯ್ತು.

ಪಟ್ಟಣ ಪೂರಾ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಖಾಲಿ, ಒಳಗೆ ಕಾಡುಮೃಗಗಳಿವೆ ಎಂದು ಅವನು ಬರೆದ. ಸುತ್ತಳತೆ 24 ಮೈಲಿ. ಇನ್ನೊಂದು ಸಂಗತಿ ವರ್ತಕನ ಕಣ್ಣಿಗೆ ಮಾತ್ರ ಬೀಳುವಂಥದ್ದು. ತಿರುಮಲರಾಯ ಗೋವಾದ ಕುದುರೆ ವ್ಯಾಪಾರಿಗಳನ್ನು ಒಳ್ಳೆ ಬೆಲೆಯ ಆಸೆ ತೋರಿಸಿ ಕರೆಸಿಕೊಂಡ, ಕುದುರೆ ತೆಗೆದುಕೊಂಡ, ದುಡ್ಡು ಕೊಡದೆ ವಾಪಸು ಕಳಿಸಿದ. ಸೋತ ರಾಜ್ಯದ ಬೊಕ್ಕಸದ ಸ್ಥಿತಿಯನ್ನು ಈ ಒಂದು ಪ್ರಸಂಗ ಎಷ್ಟೋ ಶಾಸನಗಳಿಗಿಂತ ನೇರವಾಗಿ ಹೇಳ್ತದ.

5. ಮೂರು ಸುತ್ತಳತೆ

ಈಗ ಲೆಕ್ಕ ಒಟ್ಟಿಗೆ ಇಡೋಣ: 60, 7, 24. ಒಂದೇ ಪಟ್ಟಣ. ಸಾಮಾನ್ಯವಾಗಿ ನಾವು ಮಾಡೋದೇನು? ವೈಭವ ತೋರಿಸಬೇಕಿದ್ರೆ 60 ತಗೋತೀವಿ, ಉಳಿದೆರಡನ್ನು ಬಿಡ್ತೀವಿ. ಇದು ಸರಿಯಾದ ಕ್ರಮ ಅಲ್ಲ.

ಮೈಲಿ ಅಂದರೇ ಒಂದಲ್ಲ. ರೋಮಿನ ಮೈಲಿ ಸುಮಾರು ಒಂದೂವರೆ ಕಿಲೋಮೀಟರು, ವೆನಿಸಿನದು ಅದಕ್ಕಿಂತ ಉದ್ದ. ನಮ್ಮ ಕೋಸು, ಹರದಾರಿ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿದ್ದ ಹಾಗೆ. ಆದರೆ ಅಷ್ಟರಿಂದ 7 ಹೋಗಿ 60 ಆಗೋದಿಲ್ಲ. ದೊಡ್ಡ ವ್ಯತ್ಯಾಸ ಬರುವುದು 'ಪಟ್ಟಣ' ಎಲ್ಲಿಗೆ ಮುಗೀತದ ಎಂಬ ಪ್ರಶ್ನೆಯಲ್ಲಿ. ಕಾಂಟಿ ಬೆಟ್ಟ, ಕಣಿವೆ, ಗದ್ದೆಗಳನ್ನೂ ಕೋಟೆಯ ಒಳಗೇ ಎಣಿಸಿದ. ವರ್ತೆಮಾ ಮಿಲಾನಿನಂಥ ಮನೆ ಒತ್ತೊತ್ತಾಗಿರುವ ಪೇಟೆಯನ್ನು ಮನಸ್ಸಿನಲ್ಲಿಟ್ಟು, ಒಳಗಿನ ಭಾಗವನ್ನಷ್ಟೇ ಎಣಿಸಿದ ಹಾಗೆ ಕಾಣ್ತದ. ಫೆದೆರಿಚಿ ಕಂಡದ್ದು ಜನ ಬಿಟ್ಟುಹೋದ ಪಟ್ಟಣ. ಹಂಪಿಯ ನೆಲ ನೋಡಿದವರಿಗೆ ಗೊತ್ತು, ಅಲ್ಲಿ ಒಂದರಾಚೆ ಒಂದು ಕೋಟೆಸಾಲುಗಳು, ನಡುನಡುವೆ ಹೊಲಗದ್ದೆ. ಹೀಗಿರುವಾಗ ಮೂವರಲ್ಲಿ ಯಾರು ಸುಳ್ಳ ಎಂದು ಕೇಳುವುದಕ್ಕಿಂತ, ಯಾರು ಯಾವ ಗೋಡೆ ಹಿಡಿದು ಎಣಿಸಿದರು ಎಂದು ಕೇಳಬೇಕು.

6. ರೋಮಿನ ಮನೆತನದವನು, ಕಲಾಬ್ರಿಯಾದ ವಕೀಲ

ಪಿಯೆತ್ರೊ ಡೆಲ್ಲಾ ವಾಲೆ 1586ರಲ್ಲಿ ರೋಮಿನ ಹಳೆ ಮನೆತನದಲ್ಲಿ ಹುಟ್ಟಿದವನು. ವ್ಯಾಪಾರ ಅವನಿಗೆ ಬೇಕಿರಲಿಲ್ಲ, ನೋಡುವುದೇ ಉದ್ದೇಶ. ಪರ್ಶಿಯಾದಲ್ಲಿ ತೀರಿಕೊಂಡ ಹೆಂಡತಿ ಮಆನಿಯ ದೇಹವನ್ನು ಜೊತೆಯಲ್ಲೇ ಇಟ್ಟುಕೊಂಡು ಭಾರತ ತಿರುಗಿ, ಕೊನೆಗೆ ರೋಮಿನ ತನ್ನ ಮನೆತನದ ಸಮಾಧಿಯಲ್ಲಿ ಇಟ್ಟ. ಊರು ಅಂದರೆ ಅವನಿಗೆ ಹಿರಿಯರ ಮಣ್ಣು.

1623ರ ಕೊನೆಯಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಹಳೆ ಕಟ್ಟಡಗಳ ನಡುವೆ ಬೆಳೆದವನು, ದೇಗುಲಗಳನ್ನು ಭಾಗ ಭಾಗವಾಗಿ ವರ್ಣಿಸಿದ. ಘಟ್ಟದ ದಾರಿಯ ಒಂದು ಗುಡಿಯ ಮುಂಚಾವಡಿಯಲ್ಲಿ ಹುಡುಗರು ಮರಳು ಹರವಿ, ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಹೇಳುತ್ತ ಲೆಕ್ಕ ಕಲಿಯೋದನ್ನು ನೋಡಿದ. ಕಾಗದ ಖರ್ಚಿಲ್ಲದ ಆ ಪಾಠವನ್ನು ಅವನು ಗಮನಿಸಿ ಬರೆದಿದ್ದರಿಂದ, 17ನೇ ಶತಮಾನದ ಕನ್ನಡ ಶಾಲೆಯ ಒಂದು ಚಿತ್ರ ನಮಗೆ ಉಳಿಯಿತು. ಉಳ್ಳಾಲದ ರಾಣಿಯನ್ನು ಭೇಟಿಯಾದಾಗ ಆಕೆ ಕಾಲುವೆ ತೋಡುವ ಕೆಲಸ ನೋಡಲು ಬರಿಗಾಲಲ್ಲಿ ನಡೆದು ಹೊರಟಿದ್ದಳು. ರೋಮಿನ ಅರಮನೆಯ ಠೀವಿ ಬಲ್ಲವನಿಗೆ ಮೊದಲು ಅಡುಗೆಯವಳಂತೆ ಕಂಡಳು. ಮಾತಾಡಿದ ಮೇಲೆ ರಾಣಿಯಂತೆ ಕಂಡಳು. ಎರಡನ್ನೂ ಅವನು ಬರೆದಿಟ್ಟ.

ಕೊನೆಯವನು ಜೆಮೆಲ್ಲಿ ಕರೇರಿ. ದಕ್ಷಿಣ ತುದಿಯ ಕಲಾಬ್ರಿಯಾದ ರಾದಿಚೇನ ಎಂಬ ಸಣ್ಣ ಊರಿನವನು, ನೇಪಲ್ಸಿನಲ್ಲಿ ಕಾನೂನು ಓದಿದವನು. ದೊಡ್ಡ ಮನೆತನದವನಲ್ಲವೆಂದು ಹುದ್ದೆಯಲ್ಲಿ ಮೇಲೇರದೆ, ಬೇಸತ್ತು ಲೋಕ ಸುತ್ತಲು ಹೊರಟ. 1695ರ ಮಾರ್ಚಿನಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಗಲಗಲಿಯಲ್ಲಿ ಔರಂಗಜೇಬನ ದಂಡಿನ ಬೀಡಿಗೆ ಬಂದ. ಕೃಷ್ಣೆಯ ದಂಡೆಯ ಆ ಬೀಡಿನ ಸುತ್ತಳತೆ 30 ಮೈಲಿ ಅಂತಾನೆ. ಬಾಗಿದ ಬೆನ್ನಿನ ಮುದಿ ಬಾದಶಹ ಕೋಲು ಊರಿಕೊಂಡು ಬಂದ. ಆಮೇಲೆ ಅರ್ಜಿಗಳನ್ನು ಕನ್ನಡಕವಿಲ್ಲದೆ ಓದಿ, ತನ್ನ ಕೈಯಿಂದಲೇ ಷರಾ ಬರೆದ. ಇಲ್ಲಿ ಮಾತ್ರ ಊರಿಗಿಂತ ಕಸುಬು ಮುಂದೆ ಬಂದಿದೆ. ಬಾದಶಹನ ಕೈಯಲ್ಲಿ ಅರ್ಜಿ ಹೇಗೆ ನಡೀತದ ಎಂದು ನೋಡಿದವನು ಒಬ್ಬ ವಕೀಲ.

ಮುಗಿಸುವ ಮೊದಲು

ಹೇಳಬೇಕಾದ್ದು ಇಷ್ಟು. ಪ್ರವಾಸಿಯ ಬರಹವನ್ನು ಆಕರವಾಗಿ ಬಳಸುವಾಗ ನಾವು ದೇಶದ ಹೆಸರಿಗೆ ನಿಲ್ಲಬಾರದು. ಅವನ ಊರು, ಆ ಊರಿನ ಆಗಿನ ಆಳ್ವಿಕೆ, ಅವನ ಕಸುಬು, ಬರೆದುಕೊಂಡವರು ಯಾರು, ಈ ನಾಲ್ಕು ಕೇಳಬೇಕು. ಇದರಿಂದ ನಮ್ಮ ಇತಿಹಾಸದ ವೈಭವ ಕಮ್ಮಿ ಆಗೋದಿಲ್ಲ. 60 ಮೈಲಿಯ ಹಿಂದೆ ಬೆಟ್ಟ, ಕಣಿವೆ, ಗದ್ದೆ ಕಾಣ್ತವೆ, 7 ಮೈಲಿಯ ಹಿಂದೆ ಪೇಟೆ ಕಾಣ್ತದ.

ಪ್ರಶ್ನೋತ್ತರ

ಪ್ರಶ್ನೆ: ಎಲ್ಲವನ್ನೂ ಊರಿನಿಂದ ವಿವರಿಸಿದರೆ, ಒಂದೇ ಊರಿನ ಇಬ್ಬರು ಒಂದೇ ತರ ಬರೀಬೇಕಾಗ್ತದಲ್ಲ?

ಉತ್ತರ: ಇಲ್ರಿ. ಮಾರ್ಕೊ ಪೋಲೊನನ್ನೂ, 1650ರ ದಶಕದಲ್ಲಿ ಬಂದು ಮೊಗಲರ ಸೇವೆ ಮಾಡಿದ ಮನೂಚಿಯನ್ನೂ ವೆನಿಸಿನವರೆಂದೇ ಕರೀತೀವಿ. ಇಬ್ಬರ ಬರಹಕ್ಕೂ ಸಂಬಂಧವೇ ಇಲ್ಲ. ಮನೂಚಿ ಹದಿನಾಲ್ಕರ ಹರೆಯದಲ್ಲೇ ಊರು ಬಿಟ್ಟು, ಇಲ್ಲೇ ಮುದುಕನಾದ. ಊರು ಮೊದಲ ಪ್ರಶ್ನೆ, ಕೊನೆಯ ಉತ್ತರ ಅಲ್ಲ. ಕರೇರಿಯ ಉದಾಹರಣೆ ಕೊಟ್ಟದ್ದೂ ಅದಕ್ಕೇ.

ಪ್ರಶ್ನೆ: ಪರೀಕ್ಷೆಯಲ್ಲಿ ಹಾಗಾದ್ರೆ ಏನು ಬರೀಬೇಕು?

ಉತ್ತರ: ಹೊಂದಿಸಿ ಬರೆಯಿರಿ ಅಂದಲ್ಲಿ 'ಇಟಲಿ' ಅಂತಾನೇ ಹೊಂದಿಸ್ರಿ, ಅಂಕ ಕಳ್ಕೋಬ್ಯಾಡ್ರಿ. ಪ್ರಬಂಧ ಬರೆಯುವಾಗ 'ವೆನಿಸ್ ಗಣರಾಜ್ಯದ ಕಿಯೊಜ್ಜಾ ಊರಿನ ಕಾಂಟಿ' ಅಂತ ಬರೀರಿ. ನಾಲ್ಕು ಶಬ್ದ ಹೆಚ್ಚಾಗ್ತದ ಅಷ್ಟೆ.

ಪ್ರಶ್ನೆ: ಅಲ್ಲಿಗೆ ಹೋಗುವವರು ಇವರ ಊರು ನೋಡಬಹುದಾ?

ಉತ್ತರ: ಧಾರಾಳವಾಗಿ. ವೆನಿಸಿನಿಂದ ಕಿಯೊಜ್ಜಾಕ್ಕೆ ಬಸ್ಸಿದೆ. ಲೀದೊ, ಪೆಲ್ಲೆಸ್ತ್ರೀನ ದ್ವೀಪಗಳ ಮೇಲೆ ಹಾಯ್ದು ದೋಣಿಯಲ್ಲೂ ಹೋಗಬಹುದು. ಹಡಗುಕಂಬ ನೋಡಿದಾಗ ನವರಾತ್ರಿಯ ಕಂಬ ನೆನಪಾದ್ರೆ, ಕಾಂಟಿಯ ಲೆಕ್ಕ ಚುಕ್ತಾ ಆಯ್ತು. ಇನ್ನೊಂದು ಮಾತು. ಹೊರಗಿನಿಂದ ಬಂದವರಿಗೆ ತಾಂಡೂರು ಅಂದರೆ ಫರ್ಸಿ ಕಲ್ಲು ಮತ್ತು ತೊಗರಿ, ಅಷ್ಟೇ. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಯಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಕಿವಿಗೆ ಬೀಳೋದನ್ನು ಬರೆದಿಡಬೇಕಾದವರು ನಾವೇ. ಮುಂದೊಬ್ಬರು ಓದುವಾಗ ನಮ್ಮನ್ನೂ ಕೇಳ್ತಾರೆ: ಇದನ್ನು ಬರೆದವರು ಯಾವ ಊರಿನವರು, ಯಾವ ಗೋಡೆ ಹಿಡಿದು ಎಣಿಸಿದರು? ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ಊರಿನ ಹೆಸರು ಹಾಕೋದು ಮರೀಬ್ಯಾಡ್ರಿ.